ಬೇಟೆನಾಯಿಯ ಓಟ: ವಿಜ್ಞಾನವೇನು, ನ್ಯಾಯವೇನು?

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂತಹ ಊರುಗಳಲ್ಲಿ ಬೇಟೆನಾಯಿಯ ಪರಿಚಯವಿಲ್ಲದವರು ವಿರಳ. ಉತ್ತರಕ್ಕೆ ಮುಧೋಳ ಹತ್ತಿರದಲ್ಲೇ ಇದೆ. ಕಪ್ಪು ಮಣ್ಣಿನ ಜೋಳದ ಹೊಲ, ನಡುನಡುವೆ ಕಲ್ಲುಗುಡ್ಡ, ಕುರುಚಲು ಗಿಡ, ಹುಲ್ಲುಬಯಲು. ಈ ನೆಲಕ್ಕೆ ಹೇಳಿ ಮಾಡಿಸಿದಂತಿರುವ ಉದ್ದ ಕಾಲಿನ, ಸಣ್ಣ ನಡುವಿನ ನಾಯಿಯೇ ಮುಧೋಳ ನಾಯಿ. ಹೋಳಿ, ಯುಗಾದಿಯ ಸುತ್ತಮುತ್ತ ಉತ್ತರ ಕರ್ನಾಟಕದ ಹಲವು ಕಡೆ ಇಂತಹ ನಾಯಿಗಳನ್ನು ಬಿಟ್ಟು ಮೊಲದ ಬೇಟೆಯಾಡುವ ರೂಢಿ ಇದ್ದುದು ನಿಮಗೂ ತಿಳಿದಿರಬಹುದು. ಕೆಲವೆಡೆ ಅದು ಕದ್ದುಮುಚ್ಚಿ ಇಂದಿಗೂ ನಡೆಯುತ್ತದೆ.

ಸಾವಿರಾರು ಕಿಲೋಮೀಟರ್ ದೂರದ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನಾಯಿಗಳ ಹಿಂಡು ಬೇರೊಂದು ಪ್ರಾಣಿಯನ್ನು ಅಟ್ಟುತ್ತದೆ. ಅದು ಪ್ಯೂಮಾ. ಕೂಗರ್, ಬೆಟ್ಟದ ಸಿಂಹ ಎಂಬ ಹೆಸರುಗಳೂ ಅದಕ್ಕಿವೆ. ಆ ಬೇಟೆ ಸರಿಯೇ ತಪ್ಪೇ ಎಂದು ಅಲ್ಲಿನ ಜನ ಹಲವು ಬಾರಿ ಮತ ಹಾಕಿ ತೀರ್ಮಾನಿಸಿದ್ದಾರೆ. ಎಲ್ಲ ಕಡೆ ಒಂದೇ ತೀರ್ಮಾನ ಬಂದಿಲ್ಲ. ಮೊಲವೆಲ್ಲಿ, ಪ್ಯೂಮಾ ಎಲ್ಲಿ ಎನ್ನಬೇಡಿ. ನಾಯಿ ಏಕೆ ಅಟ್ಟುತ್ತದೆ, ಅಟ್ಟಿಸಿಕೊಂಡ ಪ್ರಾಣಿಗೆ ಏನಾಗುತ್ತದೆ, ಅಟ್ಟಲು ಬಿಡುವ ಮನುಷ್ಯನ ಹೊಣೆ ಏನು ಎಂಬ ಮೂರು ಪ್ರಶ್ನೆಗಳು ಎರಡೂ ಕಡೆ ಒಂದೇ. ಮೊದಲ ಎರಡಕ್ಕೆ ವಿಜ್ಞಾನ ಉತ್ತರ ಕೊಡಬಲ್ಲದು. ಮೂರನೆಯದಕ್ಕೆ ವಿಜ್ಞಾನ ಬೇಕು, ಆದರೆ ಅದೊಂದೇ ಸಾಲದು.

ಕಣ್ಣಿನ ಬೇಟೆ, ಮೂಗಿನ ಬೇಟೆ

ಬೇಟೆನಾಯಿಗಳಲ್ಲಿ ಎರಡು ಮುಖ್ಯ ಬಗೆ. ಒಂದು ಬಗೆಯದು ಕಣ್ಣಿನಿಂದ ಬೇಟೆ ಹಿಡಿಯುತ್ತದೆ, ಇನ್ನೊಂದು ಮೂಗಿನಿಂದ. ಮುಧೋಳ ನಾಯಿ, ಗ್ರೇಹೌಂಡ್, ಸಲೂಕಿ ಮೊದಲ ಬಗೆಯವು. ಪ್ಯೂಮಾ ಬೇಟೆಗೆ ಬಳಸುವ ನಾಯಿಗಳು ಎರಡನೆಯ ಬಗೆಯವು.

ಈ ಭೇದ ಹುಟ್ಟಿದ್ದು ನೆಲದ ಗುಣದಿಂದ. ಪ್ಯೂಮಾ ಇರುವುದು ದಟ್ಟ ಕಾಡು, ಕಡಿದಾದ ಬೆಟ್ಟಗಳಲ್ಲಿ. ಅಲ್ಲಿ ಹತ್ತು ಹೆಜ್ಜೆಯಾಚೆ ಏನೂ ಕಾಣದು. ಆದರೆ ತೇವ ಮಣ್ಣಿನಲ್ಲಿ, ಹಿಮದಲ್ಲಿ ಪ್ರಾಣಿಯ ವಾಸನೆ ಗಂಟೆಗಟ್ಟಲೆ ಉಳಿಯುತ್ತದೆ. ಮನುಷ್ಯನ ಮೂಗಿನಲ್ಲಿ ಸುಮಾರು 50–60 ಲಕ್ಷ ಘ್ರಾಣಕೋಶಗಳಿದ್ದರೆ ನಾಯಿಯಲ್ಲಿ 20 ಕೋಟಿಗೂ ಹೆಚ್ಚು ಇರುತ್ತವೆ ಎಂದು ಅಂದಾಜು. ಅಂತಹ ಮೂಗಿಗೆ ಪ್ಯೂಮಾ ನಡೆದುಹೋದ ದಾರಿ ಗೆರೆ ಎಳೆದಂತೆ ಸ್ಪಷ್ಟ.

ನಮ್ಮ ಬಯಲುಸೀಮೆಯಲ್ಲಿ ಇದು ತಿರುವುಮುರುವು. ಬಿಸಿಲಿಗೆ ಕಾದ ಒಣ ನೆಲದಲ್ಲಿ ವಾಸನೆ ಬೇಗ ಆರಿಹೋಗುತ್ತದೆ. ಆದರೆ ದೃಷ್ಟಿಗೆ ಅಡ್ಡಿಯಿಲ್ಲ. ದೂರದಲ್ಲಿ ಮೊಲವೊಂದು ಜಿಗಿದರೂ ನಾಯಿಗೆ ಕಾಣುತ್ತದೆ. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ದೃಷ್ಟಿಯನ್ನು ಮಿದುಳಿಗೆ ಒಯ್ಯುವ ನರಕೋಶಗಳು ಅಡ್ಡಡ್ಡಲಾಗಿ, ಪಟ್ಟಿಯಂತೆ ದಟ್ಟವಾಗಿರುತ್ತವೆ. ಹೀಗಾಗಿ ದಿಗಂತದ ಉದ್ದಕ್ಕೂ ಎಲ್ಲೇ ಚಲನೆಯಾದರೂ ಅವು ಕೂಡಲೇ ಗುರುತಿಸುತ್ತವೆ. ಮೊಂಡು ಮೂತಿಯ ನಾಯಿಗಳಲ್ಲಿ ಆ ಕೋಶಗಳು ನಡುವೆ ಗುಂಪುಗೂಡಿರುತ್ತವೆ. ನಾಯಿಗೆ ಕೆಂಪು–ಹಸಿರು ಬಣ್ಣಗಳ ಭೇದ ಚೆನ್ನಾಗಿ ತಿಳಿಯದು. ಆದರೆ ಚಲನೆಯನ್ನು ಹಿಡಿಯುವುದರಲ್ಲಿ ಅದು ಬಲು ಚುರುಕು. ಮೊಲ ಅಲುಗಾಡದೆ ಕುಳಿತರೆ ಬೇಟೆನಾಯಿ ಪಕ್ಕದಲ್ಲೇ ಹಾದುಹೋಗುವುದು ಏಕೆಂದು ಈಗ ನೀವೇ ಹೇಳಬಲ್ಲಿರಿ.

ಓಟಕ್ಕೆಂದೇ ರೂಪುಗೊಂಡ ದೇಹ

ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದು ಪ್ರತಿ ಸುತ್ತಿನಲ್ಲಿ ಒಂದು ಸಲ. ಮುಧೋಳದಂತಹ ನಾಯಿಗಳಲ್ಲಿ ಅದು ಎರಡು ಸಲ. ಕಾಲುಗಳು ಹೊಟ್ಟೆಯಡಿ ಮುದುಡಿದಾಗ ಒಂದು ಸಲ, ಮುಂದೆ ಹಿಂದೆ ಪೂರ್ತಿ ಚಾಚಿದಾಗ ಇನ್ನೊಂದು ಸಲ. ಇದಕ್ಕೆ ಬೆನ್ನುಮೂಳೆ ಬಿಲ್ಲಿನಂತೆ ಬಾಗಿ ನೇರವಾಗಬೇಕು. ಎದೆ ಆಳ, ಹೊಟ್ಟೆ ಒಳಸೇರಿದ್ದು, ತೊಡೆಯ ಸ್ನಾಯು ಗಟ್ಟಿ. ಇದೇ ಗುಂಪಿಗೆ ಸೇರಿದ ಗ್ರೇಹೌಂಡ್ ನಾಯಿಗಳಲ್ಲಿ ದೇಹದ ತೂಕಕ್ಕೆ ಹೋಲಿಸಿದರೆ ಹೃದಯ ದೊಡ್ಡದು. ರಕ್ತದಲ್ಲಿ ಕೆಂಪು ಕಣಗಳ ಪಾಲು ಬೇರೆ ನಾಯಿಗಳಿಗಿಂತ ಹೆಚ್ಚು. ಎಂದರೆ ಸ್ನಾಯುಗಳಿಗೆ ಆಮ್ಲಜನಕ ಬೇಗ ಬೇಗ ತಲುಪುತ್ತದೆ.

ಇಷ್ಟೆಲ್ಲ ಇದ್ದರೂ ಮೊಲ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಇದನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ವಿವರಿಸಬಹುದು.

ಮೊಲದ ತಿರುವಿನ ಲೆಕ್ಕ

ವೇಗವಾಗಿ ಓಡುವ ಪ್ರಾಣಿ ತಿರುಗಬೇಕಾದರೆ ಅದಕ್ಕೆ ಕೇಂದ್ರಾಭಿಮುಖ ವೇಗೋತ್ಕರ್ಷ ಬೇಕು. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಅದು ಸಿಗುತ್ತದೆ. ಇದನ್ನು ಒದಗಿಸುವುದು ಪಾದ ಮತ್ತು ನೆಲದ ನಡುವಣ ಘರ್ಷಣೆ. ಘರ್ಷಣೆಗೆ ಮಿತಿಯಿದೆ. ಉದಾಹರಣೆಗೆ, ಗರಿಷ್ಠ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 10 ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬರುವ ನಾಯಿ ಆ ವೇಗದಲ್ಲೇ ತಿರುಗಿದರೆ ತ್ರಿಜ್ಯ 225 ÷ 10 = 22.5 ಮೀಟರ್. ಸೆಕೆಂಡಿಗೆ 10 ಮೀಟರ್ ವೇಗದ ಮೊಲಕ್ಕೆ 100 ÷ 10 = 10 ಮೀಟರ್ ಸಾಕು. ನಿಧಾನಗತಿಯೇ ಇಲ್ಲಿ ಮೊಲದ ಆಯುಧ!

ನಾಯಿ ಮೊಲದ ದಾರಿಯಲ್ಲೇ ತಿರುಗಬೇಕಾದರೆ ವೇಗವನ್ನು 15ರಿಂದ 10ಕ್ಕೆ ಇಳಿಸಬೇಕು, ನಂತರ ಮತ್ತೆ ಏರಿಸಬೇಕು. ನಾಯಿಯ ತೂಕ 24 ಕಿಲೋಗ್ರಾಂ ಎಂದುಕೊಂಡರೆ ಚಲನಶಕ್ತಿಯ ವ್ಯತ್ಯಾಸ ½ × 24 × (225 – 100) = 1500 ಜೂಲ್. ಪ್ರತಿ ತಿರುವಿಗೂ ಇಷ್ಟು ಕೆಲಸವನ್ನು ಸ್ನಾಯುಗಳು ಹೊಸದಾಗಿ ಮಾಡಬೇಕು. ಸ್ನಾಯುವಿನ ದಕ್ಷತೆ ಸುಮಾರು ಶೇಕಡ 25. ಹಾಗಾಗಿ ದೇಹ ವ್ಯಯಿಸುವ ಶಕ್ತಿ ಸುಮಾರು 6000 ಜೂಲ್. ಅದರಲ್ಲಿ 4500 ಜೂಲ್ ಬರೀ ಶಾಖ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಶಾಖವನ್ನು ಹೊರಹಾಕಬೇಕು. ಬೇಸಿಗೆಯ ಬಿಸಿಲಲ್ಲಿ ಓಡಿಸಿದ ನಾಯಿ ಶಾಖಾಘಾತದಿಂದ ಸಾಯಲೂಬಹುದು. ಬೇಟೆಯ ನೀತಿಯ ಚರ್ಚೆಯಲ್ಲಿ ನಾಯಿಯ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ಇದಕ್ಕೇ.

ಮರವೇರುವ ಪ್ಯೂಮಾ

ಪ್ಯೂಮಾ ಕೆನಡಾದ ಉತ್ತರ ಭಾಗದಿಂದ ದಕ್ಷಿಣ ಅಮೆರಿಕದ ತುದಿಯವರೆಗೂ ಹರಡಿರುವ ಪ್ರಾಣಿ. ಒಂಟಿ ಜೀವಿ. ಹೊಂಚು ಹಾಕಿ, ಹತ್ತಿರ ಬಂದಾಗ ಹಾರಿ ಹಿಡಿಯುವುದು ಅದರ ರೀತಿ. ಕ್ಷಣಕಾಲದ ವೇಗ ಅದ್ಭುತ, ಆದರೆ ದೂರದ ಓಟಕ್ಕೆ ಆ ದೇಹ ಒಗ್ಗಿದ್ದಲ್ಲ. ನಾಯಿಗಳ ಹಿಂಡು ಬೆನ್ನುಹತ್ತಿದರೆ ಅದಕ್ಕೆ ಉಳಿಯುವ ದಾರಿ ಒಂದೇ: ಮರ ಹತ್ತುವುದು. ತೋಳಗಳ ಹಿಂಡಿನಿಂದ ಪಾರಾಗಲು ಇದು ಒಳ್ಳೆಯ ಉಪಾಯ. ಬಂದೂಕು ಹಿಡಿದವನ ಎದುರು ಇದೇ ಉಪಾಯ ಪ್ರಾಣಕ್ಕೆ ಮುಳುವು. ನಾಯಿಗಳ ಕೊರಳಿಗೆ ಕಟ್ಟಿದ ಜಿಪಿಎಸ್ ಪಟ್ಟಿಯ ನೆರವಿನಿಂದ ಬೇಟೆಗಾರ ನಿಧಾನವಾಗಿ ಬಂದು, ಕೊಂಬೆಯ ಮೇಲಿನ ಪ್ಯೂಮಾಕ್ಕೆ ಗುಂಡಿಡುತ್ತಾನೆ.

ಈ ಓಟದ ಖರ್ಚೆಷ್ಟು ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು ಅಳೆದಿದ್ದಾರೆ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪ್ಯೂಮಾ ಮತ್ತು ನಾಯಿಗಳೆರಡಕ್ಕೂ ಚಲನೆ ಅಳೆಯುವ ಪಟ್ಟಿ ತೊಡಿಸಲಾಗಿತ್ತು. ತಪ್ಪಿಸಿಕೊಂಡು ಓಡುವ ಒಂದು ನಿಮಿಷದಲ್ಲಿ ಪ್ಯೂಮಾ ವ್ಯಯಿಸಿದ ಶಕ್ತಿ, ಅದು ತಾನೇ ಬೇಟೆಯಾಡುವ ಸುಮಾರು ಐದು ನಿಮಿಷಗಳ ಖರ್ಚಿಗೆ ಸಮ. ಅದರ ದೇಹ ಆಮ್ಲಜನಕ ಬಳಸುವ ತನ್ನ ಗರಿಷ್ಠ ಮಿತಿಯ ಶೇಕಡ 90ನ್ನು ಮುಟ್ಟಿತ್ತು. ಕಡಿದಾದ ಗುಡ್ಡ ಹತ್ತುವುದು, ಎಂಟರ ಅಂಕಿಯಂತೆ ಸುತ್ತುವುದು, ಮರಕ್ಕೆ ಜಿಗಿಯುವುದು ಅದರ ತಂತ್ರಗಳಾಗಿದ್ದವು. ಒಂದು ಎಚ್ಚರಿಕೆ: ಆ ಅಧ್ಯಯನದಲ್ಲಿದ್ದ ಪ್ಯೂಮಾಗಳು ಎರಡೇ. ದಿಕ್ಕನ್ನು ತೋರಿಸಲು ಇದು ಸಾಕು, ಎಲ್ಲ ಪ್ಯೂಮಾಗಳಿಗೂ ಇದೇ ಸಂಖ್ಯೆ ಅನ್ವಯಿಸುತ್ತದೆ ಎನ್ನಲು ಸಾಲದು. ವಿದ್ಯಾರ್ಥಿಗಳು ಯಾವುದೇ ಸಂಶೋಧನೆಯನ್ನು ಓದುವಾಗ ಮಾದರಿಯ ಗಾತ್ರವನ್ನು ಮೊದಲು ನೋಡಬೇಕು.

ತಪ್ಪಿಸಿಕೊಂಡರೆ ಬದುಕಿತೇ?

ಓಡಿ ಪಾರಾದ ಪ್ರಾಣಿಗೆ ಏನೂ ಆಗಿಲ್ಲ ಎಂದು ನಾವು ತಿಳಿಯುತ್ತೇವೆ. ಇದು ಯಾವಾಗಲೂ ನಿಜವಲ್ಲ. ವಿಪರೀತ ಭಯ ಮತ್ತು ಓಟದಲ್ಲಿ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ, ರಕ್ತದ ಆಮ್ಲೀಯತೆ ಹೆಚ್ಚುತ್ತದೆ, ಸ್ನಾಯುವಿನ ತಂತುಗಳು ಒಡೆಯುತ್ತವೆ. ಒಡೆದ ಸ್ನಾಯುವಿನಿಂದ ಹೊರಬಂದ ಮಯೋಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಗಾಯವೇ ಇಲ್ಲದ ಪ್ರಾಣಿ ಕೆಲವು ಗಂಟೆ ಅಥವಾ ದಿನಗಳ ನಂತರ ಸಾಯಬಹುದು. ಜಿಂಕೆ, ಹುಲ್ಲೆಗಳನ್ನು ಹಿಡಿದು ಸಾಗಿಸುವ ಪಶುವೈದ್ಯರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಕೃಷ್ಣಮೃಗ ಮತ್ತು ಚಿಂಕಾರದಂತಹ ಹುಲ್ಲೆಗಳಿರುವ ನಮ್ಮ ಬಯಲಿಗೆ ಇದು ದೂರದ ಸಂಗತಿಯಲ್ಲ.

ಮರಿಗಳ ಪ್ರಶ್ನೆ ಇನ್ನೊಂದು. ಪ್ಯೂಮಾದ ಮರಿಗಳು ಒಂದರಿಂದ ಎರಡು ವರ್ಷ ತಾಯಿಯನ್ನು ಅವಲಂಬಿಸಿರುತ್ತವೆ. ತಾಯಿ ಸತ್ತರೆ ಎಳೆಯ ಮರಿಗಳು ಹಸಿವಿನಿಂದ ಸಾಯುತ್ತವೆ; ಆ ಸಾವು ಯಾವ ಬೇಟೆಗಾರನ ಲೆಕ್ಕದ ಪುಸ್ತಕಕ್ಕೂ ಬರುವುದಿಲ್ಲ.

ವಾದ ಮತ್ತು ಪ್ರತಿವಾದ

ನಾಯಿಬೇಟೆಯ ಪರವಾಗಿ ಮಾತಾಡುವವರ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. ಮರದ ಮೇಲೆ ನಿಂತ ಪ್ಯೂಮಾವನ್ನು ಬೇಟೆಗಾರ ಸಾವಕಾಶವಾಗಿ ನೋಡಬಹುದು. ಗಂಡೋ ಹೆಣ್ಣೋ, ಹಾಲೂಡುವ ತಾಯಿಯೋ ಎಂದು ತಿಳಿದು, ಬೇಡವಾದರೆ ಬಿಟ್ಟುಬಿಡಬಹುದು. ದೂರದಿಂದ ಗುಂಡು ಹಾರಿಸುವವನಿಗೆ ಈ ಅವಕಾಶವಿಲ್ಲ. ಎರಡನೆಯದು, ವಿಜ್ಞಾನಿಗಳೂ ಇದೇ ವಿಧಾನ ಬಳಸಿದ್ದಾರೆ. ಮಾರಿಸ್ ಹಾರ್ನೋಕರ್ ಎಂಬ ಜೀವವಿಜ್ಞಾನಿ 1960ರ ದಶಕದಲ್ಲಿ ಐಡಹೋ ರಾಜ್ಯದಲ್ಲಿ ನಾಯಿಗಳಿಂದ ಪ್ಯೂಮಾಗಳನ್ನು ಮರ ಹತ್ತಿಸಿ, ಅರಿವಳಿಕೆ ಕೊಟ್ಟು, ಗುರುತು ಹಾಕಿ ಬಿಟ್ಟರು. ಪ್ಯೂಮಾ ಕುರಿತ ನಮ್ಮ ತಿಳಿವಳಿಕೆಯ ಬುನಾದಿ ಆ ಕೆಲಸ. ಮೂರನೆಯದು, ದನಕುರಿ ಕೊಲ್ಲುವ ನಿರ್ದಿಷ್ಟ ಪ್ರಾಣಿಯನ್ನು ಪತ್ತೆ ಮಾಡಲು ನಾಯಿಯಷ್ಟು ಸಮರ್ಥ ಸಾಧನ ಬೇರೊಂದಿಲ್ಲ.

ವಿರೋಧಿಸುವವರು ಹೇಳುವುದೇನು? ಮರವೇರಿ ದಿಕ್ಕುಗಾಣದೆ ನಿಂತ ಪ್ರಾಣಿಯನ್ನು ಕೊಲ್ಲುವುದರಲ್ಲಿ ಸಮಬಲದ ಪೈಪೋಟಿಯೇ ಇಲ್ಲ. ಆಯ್ದು ಕೊಲ್ಲಬಹುದು ಎಂಬುದು ನಿಜ, ಆದರೆ ಮರಿಗಳನ್ನು ಗುಹೆಯಲ್ಲಿ ಬಿಟ್ಟು ಬಂದ ತಾಯಿಯನ್ನು ಗುರುತಿಸುವುದು ಸುಲಭವಲ್ಲ. ಆಹಾರದ ಅಗತ್ಯವಿಲ್ಲದೆ ಮೋಜಿಗಾಗಿ ಇಷ್ಟು ಭಯ, ನೋವು ಉಂಟುಮಾಡಲು ನಮಗೇನು ಹಕ್ಕು?

ಅಮೆರಿಕದ ಮತದಾರರ ತೀರ್ಮಾನ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ 1990ರಲ್ಲಿ ಪ್ಯೂಮಾದ ಮೋಜಿನ ಬೇಟೆಯನ್ನೇ ನಿಷೇಧಿಸಿತು. ಆರೆಗನ್ 1994ರಲ್ಲಿ, ವಾಷಿಂಗ್ಟನ್ ರಾಜ್ಯ 1996ರಲ್ಲಿ ಬೇಟೆಗೆ ನಾಯಿ ಬಳಸುವುದನ್ನು ನಿಲ್ಲಿಸಿದವು. ಕೊಲರಾಡೊದಲ್ಲಿ 2024ರ ನವೆಂಬರಿನಲ್ಲಿ ಇಂತಹ ನಿಷೇಧದ ಪ್ರಸ್ತಾವವನ್ನು ಮತದಾರರು ತಿರಸ್ಕರಿಸಿದರು. ಬ್ರಿಟನ್ನಿನಲ್ಲಿ ನರಿ ಮತ್ತು ಮೊಲದ ಬೇಟೆಯ ಬಗ್ಗೆ ಲಾರ್ಡ್ ಬರ್ನ್ಸ್ ಸಮಿತಿ 2000ದಲ್ಲಿ ವರದಿ ಕೊಟ್ಟಿತು. ನಾಯಿಗಳಿಂದ ಅಟ್ಟಿಸಿಕೊಳ್ಳುವುದು ಪ್ರಾಣಿಯ ಕ್ಷೇಮಕ್ಕೆ ತೀವ್ರ ಧಕ್ಕೆ ಎಂದು ಅದು ಕಂಡುಕೊಂಡಿತು. 2004ರ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂತಹ ಬೇಟೆಯನ್ನು ನಿಷೇಧಿಸಿತು.

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಅದರಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯಾನವನ್ನು ಗಮನಿಸಿ. ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳು ಹಾಕುವುದು, ನಾಯಿ ಬಿಟ್ಟು ಅಟ್ಟಿಸುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕೊಲ್ಲದೆ ಬರೀ ನಾಯಿಗಳಿಂದ ಅಟ್ಟಿಸುವುದಕ್ಕೇ ಅನುಮತಿಯ ಕಾಲಾವಧಿ ಉಂಟು. ನಮ್ಮಲ್ಲಿ 'ಮೊಲ ಸಾಯಲಿಲ್ಲವಲ್ಲ, ಸುಮ್ಮನೆ ಓಡಿಸಿದೆವು' ಎನ್ನುವ ಸಮಜಾಯಿಷಿ ನಡೆಯದು. ಮೇಲೆ ನೋಡಿದ ಶರೀರವಿಜ್ಞಾನದ ಬೆಳಕಿನಲ್ಲಿ ಈ ವ್ಯಾಖ್ಯಾನಕ್ಕೆ ಅರ್ಥವಿದೆ.

ಮೂಲ ಕಾಯಿದೆಯಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಕೊಡುವ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕೃಷ್ಣಮೃಗ, ಚಿಂಕಾರ, ತೋಳ ಒಂದನೆಯ ಅನುಸೂಚಿಯಲ್ಲಿವೆ. ಅವುಗಳ ಬೇಟೆಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ. ಮೊಲಕ್ಕೂ ಕಾನೂನಿನ ರಕ್ಷಣೆಯಿದೆ. ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ದಾಖಲಿಸಿ ಲಿಖಿತ ಅನುಮತಿ ಕೊಡಬಹುದು. ರಾತ್ರಿಯೊಂದರಲ್ಲಿ ಕಾಡುಹಂದಿಗೆ ಗೋವಿನಜೋಳ ಕಳೆದುಕೊಂಡ ರೈತನಿಗೆ ಈ ದಾರಿ ತುಂಬ ಉದ್ದ ಅನ್ನಿಸುವುದು ಸಹಜ. ಅವನ ನಷ್ಟಕ್ಕೆ ಬೇಗ ಪರಿಹಾರ ಸಿಗುವಂತಾಗದೆ ಬೇಟೆಯ ಬಗೆಗಿನ ಉಪದೇಶವಷ್ಟೇ ಫಲ ಕೊಡದು.

ಬೇಟೆಯ ಹಿಂದಿನ ಮನುಷ್ಯರು

ಕನ್ನಡ ನಾಡಿನಲ್ಲಿ ಬೇಟೆನಾಯಿಗೆ ಸಂದ ಗೌರವ ಬಹಳ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949–50ರದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ 'ಕಾಳಿ' ಎಂಬ ನಾಯಿಯನ್ನು ಬಹುಮಾನವಾಗಿ ಪಡೆಯುತ್ತಾನೆ. ಮುಂದೆ ಬೇಟೆಯಲ್ಲಿ ಕಾಳಿಯೂ ಕಾಡುಹಂದಿಯೂ ಹೋರಾಡಿ ಎರಡೂ ಸಾಯುತ್ತವೆ. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ದತ್ತಿ ಬಿಡುತ್ತಾನೆ.

ಬೇಟೆ ಅರಸರಿಗೆ ವಿನೋದವಾಗಿದ್ದರೆ ಬೇಡರಂತಹ ಸಮುದಾಯಗಳಿಗೆ ಅನ್ನವಾಗಿತ್ತು. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯಿದೆಯ ವಿರುದ್ಧ ದಂಗೆ ಎದ್ದದ್ದನ್ನು ನೀವು ಇತಿಹಾಸದಲ್ಲಿ ಓದಿದ್ದೀರಿ. ಆಯುಧ ಅವರಿಗೆ ಮಾನವೂ ಹೌದು, ಜೀವನೋಪಾಯವೂ ಹೌದು. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯತ್ತ ಗಮನ ಹರಿಸುವ ಮೊದಲೇ ಸ್ಥಳೀಯ ಬೇಟೆಗಾರರು ಅದನ್ನು ಉಳಿಸಿಕೊಂಡು ಬಂದಿದ್ದರು. ಅರಸರು ಅದನ್ನು ಬೆಳೆಸಿದರು, ಬ್ರಿಟಿಷ್ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿಯೂ ಕೊಟ್ಟರು. ಆದ್ದರಿಂದ ಬೇಟೆಯನ್ನು ಖಂಡಿಸುವಾಗ ಬಡ ಬೇಟೆಗಾರನನ್ನು ಮಾತ್ರ ತಪ್ಪಿತಸ್ಥನನ್ನಾಗಿ ನಿಲ್ಲಿಸುವುದು ಇತಿಹಾಸಕ್ಕೆ ಅನ್ಯಾಯ.

ಆದರೆ ಅಂದಿನ ಬಯಲು ಇಂದಿಲ್ಲ. ಹುಲ್ಲುಗಾವಲು ಹೊಲವಾಗಿದೆ, ನೀರು ಬಂದ ಕಡೆ ಕಬ್ಬಿನ ಗದ್ದೆಯಾಗಿದೆ. ಚಿಂಕಾರಕ್ಕಾಗಿ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ವನ್ಯಜೀವಿಧಾಮ ಮಾಡಬೇಕಾಗಿ ಬಂತು. ಅದು ಇರುವುದು ಮುಧೋಳದ ಮಗ್ಗುಲಲ್ಲೇ. ಪ್ರಾಣಿಗಳು ಹೇರಳವಾಗಿದ್ದಾಗ ಬೇಟೆ ತಗ್ಗಿಸುವ ಸಂಖ್ಯೆಯನ್ನು ಸಂತಾನ ತುಂಬುತ್ತಿತ್ತು. ಚದುರಿದ ಸಣ್ಣ ಗುಂಪುಗಳಲ್ಲಿ ಗರ್ಭಿಣಿ ಹುಲ್ಲೆಯೊಂದರ ಸಾವೂ ದೊಡ್ಡ ನಷ್ಟ. ಇದರ ಜೊತೆಗೆ ನಾಯಿಗಳು ರೇಬೀಸ್, ಡಿಸ್ಟೆಂಪರ್‌ನಂತಹ ರೋಗಗಳನ್ನು ತೋಳ, ನರಿಗಳಿಗೆ ದಾಟಿಸುತ್ತವೆ. 2017ರ ಒಂದು ಜಾಗತಿಕ ಸಮೀಕ್ಷೆಯ ಪ್ರಕಾರ 11 ಕಶೇರುಕ ಪ್ರಭೇದಗಳ ಅಳಿವಿನಲ್ಲಿ ನಾಯಿಗಳ ಪಾತ್ರವಿದೆ. ಹಳೆಯ ರೂಢಿಯ ನ್ಯಾಯ ಹಳೆಯ ಬಯಲಿನ ಜೊತೆಗೇ ಹೋಯಿತು.

ಬೇಟೆ ನಿಂತರೆ ನಾಯಿ ಉಳಿದೀತೇ?

ಇದು ತಳಿಪ್ರಿಯರ ನಿಜವಾದ ಆತಂಕ. ಓಟಕ್ಕಾಗಿ ಆಯ್ಕೆಯಾದ ತಳಿಗೆ ಓಡುವ ಕೆಲಸವಿಲ್ಲದಿದ್ದರೆ, ಕೆಲವು ತಲೆಮಾರುಗಳಲ್ಲಿ ಬರೀ ಅಂದಕ್ಕಾಗಿ ಆಯ್ಕೆ ನಡೆದು ಅದರ ಗುಣ ಕುಂದಬಹುದು. ಉತ್ತರವಿಲ್ಲದ ಪ್ರಶ್ನೆಯೇನಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಯ ಸಂವರ್ಧನೆಯಲ್ಲಿ ತೊಡಗಿದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆ ಮೀರತ್‌ನ ತನ್ನ ಕೇಂದ್ರಕ್ಕೆ ಮುಧೋಳ ಮರಿಗಳನ್ನು ಒಯ್ದು ತರಬೇತಿ ಆರಂಭಿಸಿತು. ಜೀವಂತ ಬೇಟೆಯಿಲ್ಲದೆ ಓಟ ಪರೀಕ್ಷಿಸಲು, ಯಂತ್ರದಿಂದ ಎಳೆಯುವ ಬಟ್ಟೆಯ ಗುರಿಯ ಹಿಂದೆ ನಾಯಿಗಳನ್ನು ಓಡಿಸುವ ಕ್ರಮ ಹಲವು ದೇಶಗಳಲ್ಲಿದೆ. ಚಲನೆಯನ್ನು ಕಂಡರೆ ಓಡುವುದು ನಾಯಿಯ ಸ್ವಭಾವ. ಓಡುತ್ತಿರುವುದು ಜೀವವೋ ಬಟ್ಟೆಯೋ ಎಂಬುದನ್ನು ನಿರ್ಧರಿಸುವವರು ನಾವು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಈ ವಿಷಯವನ್ನು ಎರಡು ಭಾಗವಾಗಿ ಕಲಿಸಬಹುದು. ಮೊದಲು ಆಟದ ಬಯಲಿನಲ್ಲಿ ಸುಣ್ಣದಿಂದ 3, 6 ಮತ್ತು 10 ಮೀಟರ್ ತ್ರಿಜ್ಯದ ಅರ್ಧವೃತ್ತಗಳನ್ನು ಎಳೆಯಿರಿ. ಮಕ್ಕಳು ಗೆರೆ ತಪ್ಪದಂತೆ ಓಡಲಿ. ಗಡಿಯಾರ ಹಿಡಿದು ವೇಗ ಲೆಕ್ಕ ಹಾಕಿ. ತ್ರಿಜ್ಯ ಕಿರಿದಾದಂತೆ ವೇಗ ಏಕೆ ಇಳಿಯಿತು ಎಂದು ಕೇಳಿ. ನಂತರ ತರಗತಿಯನ್ನು ನಾಲ್ಕು ಗುಂಪು ಮಾಡಿ: ಬೆಳೆ ಕಳೆದುಕೊಂಡ ರೈತ, ನಾಯಿ ಸಾಕುವವರು, ಅರಣ್ಯ ಸಿಬ್ಬಂದಿ, ಪಶುವೈದ್ಯರು. ಪ್ರತಿ ಗುಂಪೂ ತನ್ನ ವಾದವನ್ನು ಎರಡು ಪಟ್ಟಿಗಳಲ್ಲಿ ಬರೆಯಲಿ. ಅಳತೆ ಮಾಡಿ ಸಾಧಿಸಬಹುದಾದ ಸಂಗತಿಗಳು ಒಂದರಲ್ಲಿ, ಸರಿ–ತಪ್ಪಿನ ತೀರ್ಮಾನಗಳು ಇನ್ನೊಂದರಲ್ಲಿ. 'ಓಟದಲ್ಲಿ ಸ್ನಾಯು ಒಡೆಯುತ್ತದೆ' ಎಂಬುದು ಮೊದಲ ಪಟ್ಟಿಗೆ. 'ಮೋಜಿಗಾಗಿ ಹಾಗೆ ಮಾಡಬಾರದು' ಎಂಬುದು ಎರಡನೆಯದಕ್ಕೆ. ಎರಡನ್ನೂ ಬೆರೆಸದೆ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯದೆ ಯೋಚಿಸಲು ಕಲಿತರೆ, ಮುಂದಿನ ಯುಗಾದಿಗೆ ನಾಯಿಯ ಹಗ್ಗ ಬಿಚ್ಚಬೇಕೇ ಬೇಡವೇ ಎಂಬುದನ್ನು ಆ ಮಕ್ಕಳೇ ತಮ್ಮ ಊರಿನಲ್ಲಿ ಹೇಳಬಲ್ಲರು.